ಕಮಾನಿಲ್ಲದ ಫೋಟೋ

ನಮ್ಮ ಮದುವೆಯ ಆಲ್ಬಮ್ಮಿನಲ್ಲಿ ನಾನಿಲ್ಲ. ಬೇರೆಯವರ ಕೈಗೆ ಕ್ಯಾಮೆರಾ ಕೊಡಲು ಮನಸ್ಸಾಗದೆ, ಫೋಟೋ ಸ್ಟುಡಿಯೋ ಇಟ್ಟಿದ್ದ ಮದುಮಗನಾದ ನಾನೇ ಎಲ್ಲವನ್ನೂ ತೆಗೆದಿದ್ದೆ. ಹಾಗಾಗಿ ಪುಟಪುಟದಲ್ಲೂ ನನ್ನ ಹೆಂಡತಿ ಒಬ್ಬಳೇ ಮದುವೆಯಾಗುತ್ತಿದ್ದಾಳೆ. ಮೊನ್ನೆ ಮೊಮ್ಮಗಳು ಅದನ್ನು ನೋಡಿ, ಅಜ್ಜಿ ಯಾರನ್ನು ಮದುವೆಯಾಗಿದ್ದು ಎಂದು ಕೇಳಿದಳು. ಅಂದೇ ನನ್ನವಳು ಪಟ್ಟು ಹಿಡಿದಳು: ಕಡಲ ದಂಡೆಯ ಹಳೆಯ ಕಲ್ಲು ಕಮಾನಿನ ಮುಂದೆ ನಾವಿಬ್ಬರೂ ಒಂದೇ ಫೋಟೋದಲ್ಲಿ ಇರಬೇಕು. ಅವಳು ಬಾಯಿಬಿಟ್ಟು ನನ್ನನ್ನು ಕೇಳಿದ್ದು ಇದೊಂದನ್ನೇ.

ಆ ಕಮಾನು ನನಗೆ ಅಂಗೈ ನೆಲ್ಲಿಕಾಯಿ ಎಂಬ ಜಂಬ ನನ್ನದು. ಕ್ಯಾಲೆಂಡರಿನ ಚಿತ್ರ ನೋಡಿಕೊಂಡು ಅದನ್ನು ಸ್ಟುಡಿಯೋದ ಪರದೆಯ ಮೇಲೆ ಬರೆದವನು ನಾನೇ. ಅರ್ಧ ಊರನ್ನು ಅದರ ಮುಂದೆ ನಿಲ್ಲಿಸಿದ್ದೇನೆ. ಅಲ್ಲಿಗೆ ಹೋಗಿ ನಿಜವಾದದ್ದನ್ನು ಕಂಡಾಗ ಮಾತ್ರ ಮನಸ್ಸಿಗೆ ಒಪ್ಪಲಿಲ್ಲ. ಗೋಪುರಗಳು ಗಿಡ್ಡ, ಬಣ್ಣ ಸಪ್ಪೆ, ಎಲ್ಲೆಲ್ಲೂ ಪಾರಿವಾಳದ ಹಿಕ್ಕೆ. ಕಟ್ಟಿದವರೇ ಎಡವಿದ್ದಾರೆ ಎಂದೆ.

"ಪಾಪ, ಅವರಿಗೆ ನಿಮ್ಮ ಪರದೆ ತೋರಿಸೋರು ಯಾರೂ ಇರ್ಲಿಲ್ಲ" ಎಂದಳು ನನ್ನವಳು.

ಅಲ್ಲಿ ಫೋಟೋ ತೆಗೆದು ಕೂಡಲೇ ಪ್ರಿಂಟು ಕೊಡುವ ಹುಡುಗಿಯೊಬ್ಬಳಿದ್ದಳು. ಹೆಂಡತಿ ಅವಳನ್ನು ಕರೆದಳು. ನಾನು ಸುಮ್ಮನಿರಬೇಕಲ್ಲ! ಬೆಳಕು ಸರಿಯಿಲ್ಲ ಎಂದೆ, ನಿಂತ ಜಾಗ ಸರಿಯಿಲ್ಲ ಎಂದೆ, ಮತ್ತೆ ಮತ್ತೆ ಓಡಿಹೋಗಿ ಅವಳ ಕ್ಯಾಮೆರಾದಲ್ಲಿ ಇಣುಕಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಬಿಸಿಲೇ ಡೊಂಕು ಎಂದೆ. ನಿಜ ಹೇಳಬೇಕೆಂದರೆ, ಕ್ಯಾಮೆರಾದ ಮುಂದೆ ನಿಂತರೆ ನನಗೆ ಜೀವವೇ ಹೋದಂತಾಗುತ್ತದೆ. ಊರಿಗೆಲ್ಲ ನಗಿ ನಗಿ ಎನ್ನುವವನಿಗೆ ನಗಲು ಬರುವುದಿಲ್ಲ.

ಹೆಂಡತಿಯ ಮುಖ ಸಣ್ಣಗಾಯಿತು. ಬೇಡ ಬಿಡಿ, ಮನೆಗೆ ಹೋಗೋಣ ಎಂದು ಚೀಲ ಎತ್ತಿಕೊಂಡಳು. ಬಾಲ ಮುದುರಿಕೊಂಡು ಬಂದು ಅವಳ ಪಕ್ಕ ನಿಂತೆ. ಅಷ್ಟರಲ್ಲಿ ದೊಡ್ಡ ಅಲೆಯೊಂದು ತಡೆಗೋಡೆ ಹಾರಿ ನಮ್ಮ ಮೇಲೆ ಅಪ್ಪಳಿಸಿತು. ಅವಳ ಕಾಲು ಜಾರಿತು. ನಾನು ಎರಡೂ ಕೈಯಿಂದ ಅವಳನ್ನು ಬಾಚಿ ಹಿಡಿದೆ. ಹುಡುಗಿ ಅದೇ ಹೊತ್ತಿಗೆ ಕ್ಲಿಕ್ ಮಾಡಿಬಿಟ್ಟಳು.

ಪ್ರಿಂಟು ಬಂತು. ಕಮಾನಿನ ಪತ್ತೆಯೇ ಇಲ್ಲ. ಸಮುದ್ರ ಓರೆ. ನನ್ನ ಕನ್ನಡಕ ಮೂಗಿನಿಂದ ಜಾರಿದೆ, ಬಾಯಿ ಗುಹೆಯಂತೆ ತೆರೆದಿದೆ. ಗಿರಾಕಿಗಳಿಗೆ ಇಂಥದ್ದನ್ನು ಕೊಟ್ಟಿದ್ದರೆ ಅಂಗಡಿಗೆ ಎಂದೋ ಬೀಗ ಬೀಳುತ್ತಿತ್ತು. ನಾಚಿಕೆಯಿಂದ ಸತ್ತೆ. ಇನ್ನೊಂದು ತೆಗೆಸೋಣ, ಈ ಸಲ ತುಟಿ ಪಿಟಕ್ಕೆನ್ನುವುದಿಲ್ಲ ಎಂದು ಗೋಗರೆದೆ.

ನನ್ನವಳು ಫೋಟೋವನ್ನು ನನ್ನ ಕೈಗೆ ಸಿಗದಂತೆ ಹಿಡಿದುಕೊಂಡಳು.

"ಬೇಡ. ಇನ್ನೊಂದರಲ್ಲಿ ಫೋಟೋಗ್ರಾಫರ್ ಬಂದು ನಿಲ್ತಾರೆ. ಇದ್ರಲ್ಲಿ ನನ್ನ ಗಂಡ ಇದ್ದಾರೆ."