ತೆಗೆದು ಮತ್ತೆ ಹಾಕಿದ ಕ್ಲಿಪ್

ಗಿರಾಕಿಯ ಕೂದಲು ಅರ್ಧ ಕತ್ತರಿಸಿದ್ದ ತಮ್ಮ, "ಅಯ್ಯೋ, ತಲೆ ಸಿಡೀತು" ಎಂದವನೇ ತನ್ನ ಕಟಿಂಗ್ ಅಂಗಡಿಯಲ್ಲೇ ಕುಸಿದಿದ್ದ. ಮಿದುಳಿನ ರಕ್ತನಾಳವೊಂದು ಗುಳ್ಳೆಯಂತೆ ಉಬ್ಬಿ ಒಡೆದಿದೆ, ತಲೆಬುರುಡೆ ತೆರೆದು ಗುಳ್ಳೆಯ ಬುಡಕ್ಕೆ ಪುಟ್ಟ ಕ್ಲಿಪ್ ಹಾಕಬೇಕು ಎಂದರು ಡಾಕ್ಟರಮ್ಮ.

"ಜೀವ ಉಳಿಯತ್ತೆ ಅನ್ನೋ ನಂಬಿಕೆ ಇದೆ. ಬಲಗೈ, ಮಾತು, ಅವೆರಡರ ಬಗ್ಗೆ ಈಗಲೇ ಏನೂ ಹೇಳಲಾರೆ."

ಬಲಗೈ! ದರ್ಜಿ ಕೆಲಸದ ಅಕ್ಕನ ಎದೆಯಲ್ಲಿ ಆ ಮಾತೊಂದೇ ಕೂತುಬಿಟ್ಟಿತು. ಕ್ಷೌರದ ಕತ್ತಿ ಹಿಡಿಯುವ ಕೈ ನಡುಗಿದರೆ ಯಾರು ತಾನೇ ಕತ್ತು ಒಡ್ಡುತ್ತಾರೆ?

ಆಪರೇಷನ್ ಕೋಣೆಯ ಹೊರಗಿನ ಬೆಂಚಿನಲ್ಲಿ ತಮ್ಮನ ಹೆಂಡತಿ ಉಗುರು ಕಚ್ಚುತ್ತಿದ್ದಳು. "ಮಧ್ಯಾಹ್ನಕ್ಕೇ ಮುಗಿಯತ್ತೆ ಅಂದಿದ್ರಲ್ಲ ಅತ್ತಿಗೆ."

"ಸುಮ್ನಿರೇ. ನಿನ್ನ ಗಂಡ ಹುಟ್ಟೋಕೂ ಹೀಗೇ ಸತಾಯಿಸಿದ್ದ." ಬಾಯಿ ಹಾಗೆ ಅಂದಿತೇ ಹೊರತು ಅಕ್ಕನ ಕಾಲು ನಿಂತಲ್ಲಿ ನಿಲ್ಲಲಿಲ್ಲ.

ಹೊತ್ತು ಇಳಿದ ಮೇಲೆ ಡಾಕ್ಟರಮ್ಮ ಬಂದರು. ಮಾಸ್ಕಿನ ದಾರ ಕೆನ್ನೆಯಲ್ಲಿ ಗೆರೆ ಕೊರೆದಿತ್ತು.

"ಕ್ಲಿಪ್ ಮೊದಲ ಸಲವೇ ಕೂತಿತ್ತಮ್ಮ, ಗುಳ್ಳೆಯೂ ಮುಚ್ಚಿತ್ತು. ಆದ್ರೆ ಪರೀಕ್ಷೆ ಮಾಡಿದ್ರೆ, ಕೂದಲೆಳೆಯಂಥ ನಾಳ ಒಂದು ಅದರಡಿ ಸಿಕ್ಕಿಕೊಂಡಿತ್ತು. ಬಲಗೈ ಆಡಿಸೋ ಜಾಗಕ್ಕೆ ರಕ್ತ ಒಯ್ಯೋದು ಅದೇ. ತೆಗೆದು ಮತ್ತೆ ಹಾಕಿದೆ."

"ತೆಗೆಯೋವಾಗ ಗುಳ್ಳೆ ಮತ್ತೆ ಒಡೆದಿದ್ರೆ?" ಅಕ್ಕ ಕೇಳಿದಳು.

"ಒಡೀಬಹುದಿತ್ತು."

ಅಕ್ಕ ಡಾಕ್ಟರಮ್ಮನ ಸಣ್ಣ ಕೈಗಳನ್ನೇ ನೋಡುತ್ತ ನಿಂತಳು. ಸುಕ್ಕುಗಟ್ಟಿದ ಹೊಲಿಗೆಯ ಮೇಲೆ ಇಸ್ತ್ರಿ ಎಳೆದು ಗಿರಾಕಿಯನ್ನು ಸಾಗಹಾಕುವವರನ್ನು ಅವಳು ಎಷ್ಟೋ ಜನ ಕಂಡಿದ್ದಳು.

"ಕೂತ ಹೊಲಿಗೆ ಬಿಚ್ಚೋಕೆ ಗುಂಡಿಗೆ ಬೇಕು ತಾಯಿ. ನಮ್ದು ಬರೀ ಬಟ್ಟೆ, ನಿಮ್ದು..."

"ಈಗಲೇ ಹೊಗಳಬೇಡಿ. ಅವರು ಏಳಲಿ. ಎದ್ದ ಮೇಲೂ ಕೆಲವು ದಿನ ನಾಳಗಳು ಬಿಗಿದುಕೊಳ್ಳೋ ಅಪಾಯ ಇರತ್ತೆ."

ಮರುದಿನ ಬೆಳಿಗ್ಗೆ ಒಳಗೆ ಬಿಟ್ಟರು. ತಮ್ಮನ ತಲೆ ತುಂಬ ಪಟ್ಟಿ, ಒಂದು ಕಣ್ಣು ಊದಿ ಮುಚ್ಚಿತ್ತು. ಡಾಕ್ಟರಮ್ಮ ಅವನ ಬಲ ಅಂಗೈಯೊಳಗೆ ಎರಡು ಬೆರಳಿಟ್ಟರು. "ಹಿಸುಕಪ್ಪ."

ಕೈ ಮಿಸುಕಲಿಲ್ಲ. ಅಕ್ಕ ಮಂಚದ ಹತ್ತಿರಕ್ಕೆ ಬಾಗಿದಳು. ಹೆಬ್ಬೆರಳು ಅಲುಗಿತು. ನಿದ್ದೆಯಿಂದ ಏಳುವವರ ಹಾಗೆ ಉಳಿದ ಬೆರಳುಗಳೂ ಒಂದೊಂದಾಗಿ ಮಡಚಿಕೊಂಡವು. ಹಿಡಿತದ ಬಿಗಿಗೆ ಡಾಕ್ಟರಮ್ಮನ ಹುಬ್ಬು ಗಂಟಿಕ್ಕಿತು.

"ಸಾ... ಸಾಕಾ?" ನಾಲಿಗೆ ಇನ್ನೂ ತೊದಲುತ್ತಿತ್ತು, ಹಿಡಿತ ಮಾತ್ರ ಸಡಿಲಲಿಲ್ಲ.

"ಬಿಡೋ ಮಾರಾಯ!" ಅಕ್ಕ ಅಳುತ್ತಲೇ ಗದರಿದಳು. "ಡಾಕ್ಟರಮ್ಮನ ಕೈಗೆ ಕಾದು ಇನ್ನೊಬ್ಬ ರೋಗಿ ಮಲಗಿದಾರೆ."