ಎಣಿಸಬಾರದ ಹಿಂಡು

ಫ್ಯಾನಿನ ಗಾಳಿಗೆ ಇಂಗ್ಲಿಷ್ ಪುಸ್ತಕದ ಹಾಳೆ ತಾನೇ ಮಗುಚಿಕೊಂಡಿತು, ವಿಮಾನ ಹೋಗಿ ಕೇಕು ಬಂತು, ಕೇಕಿನ ಮೇಲೆ ಉರಿಯುವ ಮೇಣದಬತ್ತಿ, ಇವು ಎಷ್ಟು ಅಂತ ಕೆಳಗೆ ಕೇಳಿರಬೇಕು, ಛಾಯಾ ಹಾಳೆಯನ್ನು ಒತ್ತಿ ಹಿಡಿದಳು, ಹಿಡಿದು ಮಾಡುವುದೇನು, ಓದಲಿಕ್ಕೆ ಬರಬೇಕಲ್ಲ — ಬರುತ್ತದೆ, ಬರುವುದೇ ಇಲ್ಲ ಅಂತೇನಿಲ್ಲ, ಹತ್ತನೇ ಇಯತ್ತೆ ಪಾಸಾದವಳು ಅವಳು, ಆದರೆ ಆ ಇಂಗ್ಲಿಷು ಪರೀಕ್ಷೆ ಮುಗಿದ ದಿನವೇ ಮಂಗಳವೇಢೆಯ ಎಸ್‌ಟಿ ಬಸ್ಸು ಹತ್ತಿ ಹೋದದ್ದು ಇನ್ನೂ ಹೊಳ್ಳಿ ಬಂದಿಲ್ಲ. ಅಂಗಡಿಯ ಕಟ್ಟೆಯ ಮೇಲೆ ಪುಸ್ತಕದ ಮೂರು ಕಟ್ಟು, ಒಂದು ಮರಾಠಿಯದು, ಒಂದು ಕನ್ನಡದ್ದು, ಮೂರನೆಯದು ಈ ಹೊಳೆಯುವ ಇಂಗ್ಲಿಷ್ ಪೆಟ್ಟಿಗೆ, ಒಳಗೆ ಬಣ್ಣದ ಕಡ್ಡಿ, ಪ್ಲಾಸ್ಟಿಕ್ ಗಡಿಯಾರ, ಮನೆಯಲ್ಲಿ ಕಲಿಸುವ ತಾಯಂದಿರಿಗೆ ಅಂತ ಬೇರೆಯೇ ಒಂದು ಪುಸ್ತಕ, ತಾಯಿಗೇ ಪುಸ್ತಕ ಬೇಕಾದ ಮೇಲೆ ಮಗಳು ಕಲಿತಳು ಬಿಡು. ಆರಾಮ ನೋಡ್ರಿ ಅಕ್ಕಾ, ಗಡಬಡಿ ಏನಿಲ್ಲ, ಅಂಗಡಿಯ ಚನ್ನವೀರಪ್ಪ ಅಂದ, ಅಂದವನು ತನ್ನ ಊಟದ ಡಬ್ಬಿಯ ಕಡೆ ನೋಡಿದ. ಪಕ್ಕದಲ್ಲಿ ಕಾಜಲ, ಎಂಟು ವರ್ಷದ ಮಗಳು, ಗದ್ದ ಕಟ್ಟೆಗೆ ಆನಿಸಿ ನಿಂತಿದ್ದಾಳೆ, ಮುಂಜಾನೆ ಮನೆಯಿಂದ ಹೊರಟಾಗ ಬಾಯಿಗೆ ಬಿಡುವಿರಲಿಲ್ಲ, ಸೊಲ್ಲಾಪುರದ ಬಸ್ಸು ಕಂಡದ್ದೇ ತಡ ತುಟಿ ಹೊಲಿದುಕೊಂಡಳು, ಗುರುತಿಲ್ಲದವರ ಎದುರು ಹೀಗೇ, ಒಂದು ವರ್ಷದಿಂದ ಹೀಗೇ, ಹೆಸರೇನವ್ವಾ ಅಂತ ಚನ್ನವೀರಪ್ಪ ಕೇಳಿದ್ದಕ್ಕೆ ತಾಯಿಯ ಸೆರಗಿನೊಳಗೆ ಮುಖ ಹಾಕಿದ್ದಳು. ನಾಚಿಕಿ ಸ್ವಭಾವ ಅಂದಳು ಛಾಯಾ. ನಾಚಿಕೆಯಂತೆ, ಇವಳಿಗೆ.

ಹೋದ ವರ್ಷ ಇವಳನ್ನು ಊರಲ್ಲಿ ಅತ್ತೆ ತುಳಜಾಬಾಯಿಯ ಹತ್ತಿರ ಬಿಟ್ಟು ಛಾಯಾ ಗಂಡ ಸೋಮುವಿನ ಜೊತೆ ಕುರಿಯ ಹಿಂದೆ ಹೋಗಿದ್ದಳು, ದೀಪಾವಳಿ ಆಯಿತೆಂದರೆ ಹಿಂಡು ಊರು ಬಿಡುತ್ತದೆ, ಗೊಬ್ಬರಕ್ಕೆಂದು ರೈತರು ಕರೆದಲ್ಲಿ, ಇವತ್ತು ಚಪಳಗಾಂವದ ಹೊಲ, ನಾಳೆ ಮತ್ತೊಂದೂರು, ರಾತ್ರಿ ಹೊಲದಲ್ಲಿ ಕುರಿ ಕೂಡಿಸುತ್ತ ಕೂಡಿಸುತ್ತ ಮಳೆಗಾಲದ ಬಾಯಿಗೆ ಹೊಳ್ಳುವುದು — ಹೊಳ್ಳಿ ಬಂದು ನೋಡಿದರೆ ಮಗಳು ಮನೆಯಲ್ಲಿ ಮಾತಿನ ಮಲ್ಲಿ, ಊರ ಕನ್ನಡ ಸಾಲೆಯಲ್ಲಿ ಮೂಗಿ. ಟೀಚರು ಕೆಟ್ಟವರಲ್ಲ ಪಾಪ, ಈಕಿಗಿ ಲೆಕ್ಕ ಬರಂಗಿಲ್ರಿ, ಚಿತ್ರ ಮುಂದಿಟ್ಟರ ಒಂದು ಎರಡು ಸುದ್ದಾ ಅನ್ನಂಗಿಲ್ಲ, ಮೊದಲ ಹಿಂಗಿರಲಿಲ್ಲ, ಈಗ ಹೆಸರು ಕೇಳಿದರೂ ತಲಿ ಬಗ್ಗಸ್ತಾಳ, ಇಷ್ಟೇ ಅಂದದ್ದು ಅವರು. ಲೆಕ್ಕ ಬರುವುದಿಲ್ಲವೆಂದರೆ ಹೇಗೆ, ಬುಟ್ಟಿಯ ರೊಟ್ಟಿ ಎಣಿಸಿ ಅಪ್ಪ ಒಂದು ಹೆಚ್ಚಿಗೆ ತಿಂದ ಅಂತ ಜಗಳ ತೆಗೆಯುವವಳು ಇವಳೇ ಅಲ್ಲವೇ. ಕಡೆಗೆ ಮುಖ್ಯಗುರು ಧರ್ಮರಾಜ ಸರ್ ಒಂದು ದಾರಿ ಹೇಳಿದರು, ಈ ವರ್ಷ ನಿಮ್ಮ ಸಂಗಾಟ ಕರ್ಕೊಂಡು ಹೋಗ್ರಿ, ನೀವು ಓದೀರಿ, ನೀವ ಕಲಸ್ರಿ, ಮಳಿಗಾಲಕ್ಕ ಬಂದಾಗ ನಾ ಪರೀಕ್ಷಾ ತಗೋತೀನಿ, ಪಾಸಾದಳು ಅಂದ್ರ ಮುಂದಿನ ಇಯತ್ತಾ, ಇಲ್ಲಾಂದ್ರ ವಸತಿ ಸಾಲಿಗಿ ಕಳಸೂದ, ಮತ್ತ ಒಂದು ಮಾತು, ಯಾವ ಭಾಷಾದಾಗ ಕಲಸ್ತೀರಿ ಈಗ ಪಕ್ಕಾ ಮಾಡ್ರಿ, ನಡುವ ಬದಲ ಮಾಡಿದರ ಹುಡುಗಿ ಎರಡೂ ಕಡಿ ಕೆಡ್ತಾಳ. ವಸತಿ ಶಾಲೆಯೆಂದರೆ ಸಾಲಾಗಿ ತಗಡಿನ ಮಂಚ, ಸಾಲಾಗಿ ತಾಟು, ಅಲ್ಲಿ ಈ ಮೂಗಿಯನ್ನು ಬಿಟ್ಟರೆ ಉಳಿದಿರುವ ಮನೆಮಾತೂ ಹೋಗುತ್ತದೆ, ಛಾಯಾಳಿಗೆ ಅದು ಚೆನ್ನಾಗಿ ಗೊತ್ತು, ಗೊತ್ತಿರುವುದಕ್ಕೇ ಕೈ ಒಮ್ಮೆ ಈ ಕಟ್ಟಿನ ಮೇಲೆ, ಒಮ್ಮೆ ಆ ಕಟ್ಟಿನ ಮೇಲೆ, ಯಾವುದನ್ನು ಎತ್ತಿದರೂ ಉಳಿದೆರಡು ಅವಳನ್ನೇ ನೋಡುತ್ತಿದ್ದಂತೆ ಅನಿಸುತ್ತದೆ.

ವಹಿನಿ, ಇಂಗ್ಲಿಷ್ ಶಿವಾಯ ಪರ್ಯಾಯ ನಾಹಿ, ಇಂಗ್ಲಿಷ್ ಬಿಟ್ಟರೆ ಬೇರೆ ದಾರಿಯೇ ಇಲ್ಲ ಅತ್ತಿಗೆ ಅಂತ, ಸೋಮುವಿನ ಚಿಕ್ಕಪ್ಪನ ಮಗ ಅಮೋಲ ಹೇಳಿದ್ದ, ಇದೇ ಸೊಲ್ಲಾಪುರದಲ್ಲಿ ಮೊಬೈಲ್ ರಿಪೇರಿ ಅವನದು, ಎಲ್ಲದಕ್ಕೂ ಪರ್ಯಾಯ ನಾಹಿ ಅನ್ನುವುದು ಅವನ ಚಟ, ಮೊಬೈಲಿಗೆ ಹಚ್ಚುವ ಟೆಂಪರ್ಡ್ ಗ್ಲಾಸಿಗೂ ಪರ್ಯಾಯ ನಾಹಿ. ಸೋಮುವಿನದು ಸೀದಾ ಲೆಕ್ಕ, ನಿನಗ ಮರಾಠಿ ಬರ್ತದ, ಮರಾಠಿ ತಗೋ, ಬರದೇ ಇದ್ದದ್ದು ಹ್ಯಾಂಗ ಕಲಸ್ತಿ. ಹೌದು ಮತ್ತೆ, ಮರಾಠಿ ಅಂದರೆ ಅವಳ ಕೈಯೊಳಗಿನ ಕೆಲಸ, ಮರವಡೆಯ ತವರಿನಲ್ಲಿ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ, ಒಂದನೇ ಇಯತ್ತೆಯಲ್ಲಿ ಕೂತಾಗ ನೀರಡಿಸಿದೆ ಅನ್ನಲು ಬಾರದೆ ನೀರಿನ ಹಂಡೆಯನ್ನೇ ನೋಡುತ್ತ ಕೂತಿದ್ದಳು, ಗಂಟಲು ಒಣಗಿ ಅಂಟಿಕೊಂಡಿತ್ತು, ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ, ಆಮೇಲೆ ಕಲಿತಳು, ಎಲ್ಲ ಕಲಿತಳು, ಪಾಠವೆಲ್ಲ ಬಾಯಿಪಾಠ, ಆದರೆ ಯಾಕೆ ಅಂತ ಒಂದು ಸಲವೂ ಕೇಳಲಿಲ್ಲ, ಕೇಳುವಷ್ಟು ಮರಾಠಿ ಬರುವ ಹೊತ್ತಿಗೆ ಕೇಳುವ ಚಟವೇ ಹೋಗಿತ್ತು. ಕನ್ನಡದ ಕಟ್ಟು ಬಿಚ್ಚಿ ನೋಡುತ್ತಾಳೆ, ಮಾತು ಅವಳದೇ, ಅಕ್ಷರ ಮಾತ್ರ ಯಾರದೋ, ಒಂದೂ ಗುರುತಿಲ್ಲ, ಇದನ್ನು ಹಿಡಿದು ಕೂತರೆ ತಾಯಿಯೇ ಅ ಆ ತಿದ್ದುವ ಬಿಗರಿ ವರ್ಗದವಳು, ಎರಡು ಇಯತ್ತೆ ಕನ್ನಡ ಸಾಲೆಯಲ್ಲಿ ಕೂತ ಮಗಳಿಗೇ ಹೆಚ್ಚು ಗೊತ್ತು — ಬೇಡ, ಮರಾಠಿಯೇ ಸೈ, ಹುಚ್ಚು ಸಾಹಸ ಯಾಕೆ.

ಲೆಕ್ಕದ ಪುಸ್ತಕ ಒಂದ ಬಗಿ ಇರ್ತಾವ್ರಿ, ಚಿತ್ರ ಅವ, ಅಕ್ಷರ ಬದಲ, ಚನ್ನವೀರಪ್ಪ ಮರಾಠಿಯದನ್ನೂ ಕನ್ನಡದ್ದನ್ನೂ ಜೋಡಿಸಿ ತೆರೆದಿಟ್ಟ, ಎರಡರಲ್ಲೂ ಒಂದೇ ಗುಡ್ಡ, ಒಂದೇ ಬೇವಿನ ಗಿಡ, ಗಿಡದ ಕೆಳಗೆ ಮೇಯುವ ಅವೇ ಕುರಿ, ಅಯ್ಯ, ನಮ್ಮ ಕುರಿ ನೋಡ, ಛಾಯಾಳಿಗೆ ಖುಷಿಯಾಯಿತು, ಅದೇ ಖುಷಿಯಲ್ಲಿ ಕೇಳಿದಳು, ಕಾಜಲ, ಇವು ಎಷ್ಟವ ಹೇಳು — ಕಾಜಲ ಚಿತ್ರದ ಮೇಲೆ ಎರಡೂ ಅಂಗೈ ಇಟ್ಟು ಮುಚ್ಚಿಬಿಟ್ಟಳು. ತೆಗೀಲೇ ಕೈ. ತೆಗೆಯಲಿಲ್ಲ. ಉಗುರಿನ ತುದಿ ಬೆಳ್ಳಗಾಗುವಷ್ಟು ಒತ್ತಿ ಹಿಡಿದಿದ್ದಾಳೆ, ಕಣ್ಣು ಮಾತ್ರ ತಾಯಿಯ ಮೇಲೆ, ಎಂಥ ಕಣ್ಣು, ತಾಯಿಯೇ ತಪ್ಪು ಮಾಡಿದಂಥ ಕಣ್ಣು, ಮತ್ತು ಛಾಯಾಳಿಗೆ ಸಂಜೆಯ ಕುರಿಹಟ್ಟಿ ಕಂಡಿತು, ಸುತ್ತ ಕಟ್ಟಿದ ಬಲೆಯ ಬಾಗಿಲಲ್ಲಿ ಸೋಮು ನಿಂತಿರುತ್ತಾನೆ, ಕುರಿ ಒಳಗೆ ಹೋಗುತ್ತವೆ, ಅವನು ಎಣಿಸುವುದಿಲ್ಲ, ಅವನಪ್ಪನೂ ಎಣಿಸಲಿಲ್ಲ, ಸುಮ್ಮನೆ ಒಂದೊಂದರ ಮುಖ ನೋಡುತ್ತಾನೆ, ಗೂನಿ ಬಂದಿಲ್ಲ, ಹೋಗಿ ನೋಡ್ರಿ ಅನ್ನುತ್ತಾನೆ, ಅತ್ತೆ ತುಳಜಾಬಾಯಿ ಹಣೆಗೆ ಭಂಡಾರ ಹಚ್ಚುತ್ತ ಹೇಳುತ್ತಾಳೆ, ಬೀರೋಬಾನ ಮಾಲದು, ನಾವು ಕಾಯವರು, ದೇವರ ಮಾಲು ಎಣಸಬಾರದು, ಎಣಸಿದರ ಕಮ್ಮಿ ಆಗ್ತಾವ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಎಷ್ಟು ಗೊತ್ತೆಂದರೆ ಯಾರಿಗಾದರೂ ಬಿಡಿಸಿ ಹೇಳಬೇಕೆಂದು ಯಾರಿಗೂ ಹೊಳೆದಿಲ್ಲ, ಟೀಚರಿಗಂತೂ ಇಲ್ಲ, ಕಾಗದದ ಮೇಲಿನ ಕುರಿಗೂ ಅದೇ ನೇಮವೋ ಅಲ್ಲವೋ ಅಂತ ಮಗುವಿಗೆ ಯಾರು ಹೇಳಬೇಕಿತ್ತು.

ಬಗ್ಗಿದಳು, ಕಿವಿಯನ್ನು ಮಗಳ ಬಾಯಿಗೆ ಕೊಟ್ಟಳು. ಸಾಲ್ಯಾಗೂ ಇವ ಕುರಿ ಇದ್ದವೇನ? ಹೂಂ. ಎಣಸು ಅಂದ್ರೇನ? ನಾ ಅನ್ನಲಿಲ್ಲವ್ವ, ಎಲ್ಲಾರೂ ಕೂಡಿ ಜೋರಲೆ ಎಣಸಿದ್ರು, ನಂದೂ ಬಾಯಿ ಹೊಂಟಿತು, ಅವತ್ತ ಸಂಜಿಕಿ ನಿನ್ನ ಫೋನ್ ಬಂತು, ಕರಿಮರಿ ಸತ್ತಿತಂತ ನೀನ ಹೇಳಿದಿ. ಬಿಸಿ ಉಸಿರು ಕಿವಿಯಲ್ಲಿ. ಹೌದು, ಕರಿಮರಿ, ಇವಳೇ ಹಾಲು ಕುಡಿಸಿ ಸಾಕಿದ್ದು, ಮಳೆ ಬಿದ್ದ ಹೊಲದಲ್ಲಿ ಜೋಳದ ಹಸಿ ಚಿಗುರು ತಿಂದು ಹೊಟ್ಟೆ ಉಬ್ಬಿ ಬಿದ್ದಿತ್ತು, ಸೋಮು ಬಾಯಿಗೆ ಎಣ್ಣೆ ಹಾಕಿದ, ಉಳಿಯಲಿಲ್ಲ, ಛಾಯಾ ಫೋನಿನಲ್ಲಿ ಸತ್ತಿತು ಅಂದಳೇ ಹೊರತು ಯಾಕೆ ಸತ್ತಿತು ಅನ್ನಲಿಲ್ಲ, ಯಾಕೆ ಅನ್ನುವ ಮಾತು ಅವಳ ಬಾಯಿಂದ ಯಾವತ್ತು ಬಂದಿದೆ ಈಗ ಬರಲಿಕ್ಕೆ. ಇಷ್ಟು ದಿನ ಈ ಕೂಸು ತನ್ನ ಬಾಯಿಯೇ ಕರಿಮರಿಯನ್ನು ತಿಂದಿತು ಅಂತ ಆ ಬಾಯಿಯನ್ನು ಬಿಗಿ ಹಿಡಿದು ಕೂತಿತ್ತು, ಛಾಯಾ ಅಂಗಡಿ, ಮಂದಿ, ಚನ್ನವೀರಪ್ಪನ ಡಬ್ಬಿ ಏನೂ ನೋಡದೆ ನೆಲಕ್ಕೆ ಕೂತು ಎರಡೂ ಗಲ್ಲ ಹಿಡಿದಳು, ಜ್ವಾಳದ ಚಿಗರು ತಿಂದು ಸತ್ತದ್ದವ್ವ ಅದು, ಹಸಿ ಚಿಗರಿನ್ಯಾಗ ವಿಷ ಇರ್ತದ, ನಾ ನೋಡೀನಿ, ನಾ ಮಗ್ಗಲದಾಗ ಇದ್ದೆ, ನಿನ್ನ ಮಾತಿಗಿ ಏನೂ ಆಗಿಲ್ಲ, ಮಾತಿಗಿ ಯಾರೂ ಸಾಯಂಗಿಲ್ಲ. ಕಾಜಲ ಗಲ್ಲದ ಮೇಲಿನ ತಾಯಿಯ ಕೈ ಸರಿಸಿದಳು. ಚಿಗರು ಸಣ್ಣದಿದ್ದರ ಯಾಕ ವಿಷ, ದೊಡ್ಡದಾದರ ಯಾಕ ಇಲ್ಲ? ಯಾಕ. ಯಾಕ ಅಂದಳು ಮಗಳು, ಅದೂ ಎರಡು ಸಲ, ಅದೂ ಅಂಗಡಿಯ ನಡುವೆ ನಿಂತು, ಛಾಯಾಳಿಗೆ ಉತ್ತರ ಗೊತ್ತಿಲ್ಲ, ಉತ್ತರ ಗೊತ್ತಿಲ್ಲದ್ದಕ್ಕೆ ಇಷ್ಟು ಹಗುರ ಅನಿಸಿದ್ದು ಇದೇ ಮೊದಲು, ಈ ಹುಡುಗಿಯ ಯಾಕ ಅನ್ನುವ ಮಾತು ಹುಟ್ಟುವುದು ಕನ್ನಡದಲ್ಲಿ, ಅದು ಹುಟ್ಟಿದಲ್ಲೇ ಬೆಳೆಯಲಿ, ಮರಾಠಿ ಎಲ್ಲಿಗೂ ಓಡಿಹೋಗುವುದಿಲ್ಲ, ಹೊಸ್ತಿಲ ಆಚೆ ನಿಂತೇ ಇರುತ್ತದೆ, ಇಂಗ್ಲಿಷೂ ಬರುತ್ತದೆ, ಬರಲಿ, ಸರದಿಯಲ್ಲಿ ಬರಲಿ. ಕನ್ನಡದ್ದು ಕಟ್ಟರಿ. ನಿಮಗ ಕನ್ನಡ ಓದಾಕ ಬರ್ತದೇನ್ರಿ ಅಕ್ಕಾ? ಬರಂಗಿಲ್ರಿ, ಆಕಿಗಿ ಬರ್ತದ. ಹಂಗಾರ ಯಾರು ಯಾರಿಗಿ ಕಲಸವರು? ನೋಡೂಣ್ರಿ ಅಂದಳು ಛಾಯಾ, ಅಂದು ನಕ್ಕುಬಿಟ್ಟಳು, ಚನ್ನವೀರಪ್ಪನೂ ನಕ್ಕು ಸುತಳಿ ಎಳೆದು ಗಂಟು ಹಾಕಿದ.

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿದೆ, ವಳಸಂಗ ದಾಟಿತು, ಹೊರಗೆ ಕಪ್ಪು ನೆಲ, ಬಿತ್ತನೆಗೆ ಹದವಾಗಿ ಬಿದ್ದುಕೊಂಡಿದೆ, ಸೋಮು ಏನನ್ನುತ್ತಾನೋ, ಅನ್ನಲಿ, ಮಳೆಗಾಲದ ಪರೀಕ್ಷೆ ಇನ್ನೂ ದೂರವಿದೆ, ಎಣಿಸಲಿಕ್ಕೆ ಹುಣಸೆಬೀಜ ಇವೆ, ಜೋಳದ ಕಾಳಿವೆ, ಧರ್ಮರಾಜ ಸರ್‌ಗೆ ಹೋಗಿ ಹೇಳಬೇಕು, ಕುರಿ ಬಿಟ್ಟು ಬೇರೆ ಏನನ್ನಾದರೂ ಕೇಳ್ರಿ ಅಂತ, ಹೇಳಬಹುದು, ಹೇಳಿದರೆ ತಿಳಿಯದ ಮನುಷ್ಯನಲ್ಲ. ಸುತಳಿ ಆಗಲೇ ಬಿಚ್ಚಿದೆ, ಲೆಕ್ಕದ ಪುಸ್ತಕ ಕಾಜಲಳ ತೊಡೆಯ ಮೇಲೆ, ಬೇವಿನ ಗಿಡದ ಹಾಳೆ, ಕೈ ಅದರ ಮೇಲಿಲ್ಲ, ಒಂದು ಬೆರಳು ಮಾತ್ರ ಮೆಲ್ಲಗೆ ನಡೆಯುತ್ತಿದೆ, ಇದು ಬೋಳಿ, ಇದು ಗೂನಿ, ಇದು ಮುರುಕ ಕಿವಿದು, ಇದು ಸುಮ್ಮನ ಜಗಳ ತಗೀತದ ಇದರ ಮಾರಿ ನೋಡು, ಛಾಯಾಳ ಬೆರಳುಗಳು ಮಡಿಲಲ್ಲಿ ತಾವೇ ಎಣಿಸುವಂತೆ ಒಂದೊಂದಾಗಿ ಮಡಿಚಿಕೊಳ್ಳಲು ಹೋದವು, ಬಿಗಿಹಿಡಿದು ನಿಲ್ಲಿಸಿದಳು, ಮಗಳ ದನಿ ಏರಿತು, ಬಸ್ಸಿನ ಸದ್ದಿಗೆ ಸರಿಯಾಗಿ ಏರಿತು, ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು, ಗುರುತಿಲ್ಲದ ಹೆಂಗಸು, ತಲೆಯ ಮೇಲೆ ಸೆರಗು, ಮಡಿಲಲ್ಲಿ ಬಾಳೆಗೊನೆ, ಎಲ್ಲಾ ಕುರಿ ಗುರ್ತು ಅದಾವೇನವ್ವಾ ನಿನಗ? ಛಾಯಾಳ ಕೈ ಸೆರಗಿಗೆ ಹೋಯಿತು, ಎಳೆದು ಅಡ್ಡ ಕೊಡಲೇ, ನಾಚಿಕಿ ಸ್ವಭಾವ ಅಂದುಬಿಡಲೇ, ಬೇಡ, ತಡಿ — ಹೂಂ ರಿ, ಕಾಜಲ ಅಂದಳು, ಸ್ಪಷ್ಟವಾಗಿ ಅಂದಳು, ಇದೊಂದು ಬಿಟ್ಟು, ಇದರ ಮಾರಿ ಕಾಣಂಗಿಲ್ಲ, ಆ ಕಡಿ ತಿರಗಿ ನಿಂತಾದ. ಹೌದು, ಗಿಡದ ಬುಡದಲ್ಲಿ ಒಂದು, ಎಲ್ಲವೂ ಈ ಕಡೆ, ಅದೊಂದು ಆ ಕಡೆ, ಬೆನ್ನು, ಬಾಲ, ಎರಡು ಹಿಂಗಾಲು. ಮತ್ತ ಅದರ ಹೆಸರು ಹ್ಯಾಂಗ ಹೇಳ್ತಿ? ತಡೀರಿ, ತಿರಗತದ. ಹೆಂಗಸು ನಗಲಿಲ್ಲ, ಸೀಟಿನ ಮೇಲೆ ಮೊಣಕೈ ಊರಿ ತಾನೂ ನೋಡತೊಡಗಿದಳು, ಬಸ್ಸು ತಗ್ಗಿಗೆ ಇಳಿದು ಎದ್ದಿತು, ಹಾಳೆ ನಡುಗಿತು, ಛಾಯಾ ಬಗ್ಗಿದಳು, ಕಣ್ಣು ಪಿಳುಕಿಸದೆ ನೋಡಿದಳು, ಬೇವಿನ ಗಿಡ, ನೆರಳು, ನೆರಳಿನಲ್ಲಿ ಆ ಕುರಿ, ಬಿಳಿಯ ಬೆನ್ನು, ಇನ್ನೇನು ತಿರುಗುತ್ತದೆ.