ಕ್ಯಾಸೆಟ್ಟಿನಲ್ಲಿ ಇಲ್ಲದ ಕ್ಲೈಮ್ಯಾಕ್ಸ್

ಭಾನುವಾರ ಊಟವಾದ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನೂ ಸೋಫಾದ ಮೇಲೆ ಕೂರಿಸಿ, ರಿಮೋಟನ್ನು ನನ್ನ ಮಡಿಲಲ್ಲಿ ಭದ್ರವಾಗಿಟ್ಟುಕೊಂಡು, ನನ್ನ ಕಾಲದ ಸಿನಿಮಾ ಹಾಕಿದೆ. ನನ್ನ ಉದ್ದೇಶವೇನೂ ಶುದ್ಧವಾಗಿರಲಿಲ್ಲ. ದೊಡ್ಡವಳಿಗೆ ಬೇರೆ ಊರಿನ ಚಿತ್ರಕಲಾ ಶಾಲೆಯಲ್ಲಿ ಸೀಟು ಸಿಕ್ಕಿತ್ತು. ಹಾಸ್ಟೆಲ್ಲಿನಲ್ಲಿರಬೇಕು. ಬರುತ್ತಾಳೋ ಇಲ್ಲವೋ ಎಂದು ಮರುದಿನ ಶಾಲೆಗೆ ತಿಳಿಸಬೇಕಿತ್ತು. ಇವಳೋ ‘ನಾನು ಹೋಗಲ್ಲ’ ಎಂದು ಒಂದೇ ರಾಗ ಎಳೆಯುತ್ತಿದ್ದಳು. ಕಾರಣ ಕೇಳಿದರೆ, ಗೆಳತಿ ಇಲ್ಲೇ ಇರುತ್ತಾಳಂತೆ. ಬೈದೆ, ರಮಿಸಿದೆ, ಮಾತು ಬಿಟ್ಟೂ ನೋಡಿದೆ. ಜಗ್ಗಲಿಲ್ಲ. ಆಗ ಈ ಸಿನಿಮಾ ನೆನಪಾಯಿತು.

ನಮ್ಮ ಮನೆಯಲ್ಲಿದ್ದ ಅದರ ಕ್ಯಾಸೆಟ್ಟಿಗೆ ಕೊನೆಯೇ ಇರಲಿಲ್ಲ. ಮೊದಲ ಸಲ ನೋಡುವಾಗಲೇ ಕರೆಂಟು ಹೋಗಿ ಅದು ನಡುವೆ ನಿಂತಿತ್ತು. ಮರುದಿನ ಅಪ್ಪ ಖಾಲಿ ಕ್ಯಾಸೆಟ್ ಅಂದುಕೊಂಡು ಅಲ್ಲಿಂದಲೇ ಫುಟ್‌ಬಾಲ್ ಪಂದ್ಯ ರೆಕಾರ್ಡ್ ಮಾಡಿಬಿಟ್ಟರು. ಜಾಣೆ ಹುಡುಗಿ ಓದಲು ದೂರದೂರಿಗೆ ಹೊರಟು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಡುತ್ತಾಳೆ, ಕೆಳಗೆ ಹುಡುಗ ಕಣ್ಣು ತುಂಬಿಕೊಂಡು ನಿಂತಿರುತ್ತಾನೆ, ಅಷ್ಟರಲ್ಲಿ ಹನ್ನೊಂದು ಜನ ಚಡ್ಡಿ ಹಾಕಿಕೊಂಡು ಓಡಿಬರುತ್ತಿದ್ದರು. ಮಿಕ್ಕ ಕಥೆಯನ್ನು, ಥಿಯೇಟರಿನಲ್ಲಿ ನೋಡಿ ಬಂದಿದ್ದ ಅಕ್ಕ ಹೇಳುತ್ತಿದ್ದಳು. ಹುಡುಗಿ ತಿರುಗಿ ನೋಡುವುದಿಲ್ಲ. ಬಸ್ಸು ಹೊರಡುತ್ತದೆ. ಆಮೇಲೆ ಒಂದು ದೊಡ್ಡ ಆಸ್ಪತ್ರೆ, ಉದ್ದನೆಯ ಕಾರಿಡಾರು, ಬಿಳಿ ಕೋಟು ಹಾಕಿಕೊಂಡು ಅವಳು ನಡೆದು ಬರುತ್ತಾಳೆ. ಎಷ್ಟು ಸಲ ಕೇಳಿದರೂ ಅಕ್ಕ ಬೇಸರವಿಲ್ಲದೆ ಹೇಳುತ್ತಿದ್ದಳು. ಇಂದು ನಾನು ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ನಿಂತು ‘ಉಸಿರು ಹಿಡ್ಕೊಳ್ಳಿ, ಅಲ್ಲಾಡಬೇಡಿ’ ಎಂದು ಊರಿನವರಿಗೆಲ್ಲ ಅಪ್ಪಣೆ ಕೊಡುತ್ತಿದ್ದರೆ ಅದಕ್ಕೆ ಆ ಬಿಳಿ ಕೋಟೇ ಕಾರಣ.

ಯಾರೋ ಪುಣ್ಯಾತ್ಮರು ಇಡೀ ಸಿನಿಮಾವನ್ನು ನೆಟ್ಟಿನಲ್ಲಿ ಹಾಕಿದ್ದರು. ನೋಡಲು ಮಾತ್ರ ನನ್ನ ಮಕ್ಕಳು ಬಿಡಬೇಕಲ್ಲ.

“ಇವರು ಕಾಲೇಜು ಹುಡುಗರಾ? ಇವರ ಮಕ್ಕಳು ನನ್ನ ಕ್ಲಾಸಲ್ಲಿರಬೇಕು,” ಎಂದಳು ಚಿಕ್ಕವಳು. ಎಲ್ಲದಕ್ಕೂ ವಾದ ಹೂಡುವುದರಿಂದ ಅವಳಿಗೆ ಮನೆಯಲ್ಲಿ ವಕೀಲೆ ಎಂದೇ ಹೆಸರು.

“ಪಾಠ ಯಾವಾಗ ಮಾಡ್ತಾರಮ್ಮ? ಬರೀ ಕುಣೀತಾನೇ ಇದಾರಲ್ಲ,” ಎಂದಳು ದೊಡ್ಡವಳು.

“ಬಾಯಿ ಮುಚ್ಕೊಂಡು ನೋಡಿ,” ಎಂದು ಗದರಿದೆ. ಬರುಬರುತ್ತಾ ಇಬ್ಬರೂ ಸುಮ್ಮನಾದರು. ಬಸ್‌ಸ್ಟ್ಯಾಂಡು ಬಂತು. ಹುಡುಗಿ ಬಸ್ಸು ಹತ್ತಿದಳು. ನಾನು ಸಿನಿಮಾ ಬಿಟ್ಟು ದೊಡ್ಡವಳ ಮುಖವನ್ನೇ ನೋಡುತ್ತಾ ಕುಳಿತೆ.

ಅವಳು ಜೋರಾಗಿ ನಗಲು ಶುರುಮಾಡಿದಳು.

ನೋಡಿದರೆ ಪರದೆಯ ಮೇಲೆ ಹುಡುಗಿ ಬಸ್ಸಿನಿಂದ ಇಳಿದು ಓಡುತ್ತಿದ್ದಳು. ಟಿಕೆಟು ಹರಿದು ಗಾಳಿಗೆ ತೂರಿ ಹುಡುಗನನ್ನು ತಬ್ಬಿಕೊಂಡಳು. ಕಾಲೇಜಿಗೆ ಕಾಲೇಜೇ ಬಂದು ಸುತ್ತ ಕುಣಿಯಿತು. ಶುಭಂ. ಆಸ್ಪತ್ರೆಯೂ ಇಲ್ಲ, ಕೋಟೂ ಇಲ್ಲ.

“ನೋಡಿದ್ಯಾ, ಅವಳೂ ಹೋಗಲಿಲ್ಲ,” ಎಂದಳು ದೊಡ್ಡವಳು.

“ನೀನೇ ತೋರಿಸಿದ ಸಾಕ್ಷಿ,” ಎಂದಳು ವಕೀಲೆ.

ನನಗೆ ಮೈಯೆಲ್ಲ ಉರಿದುಹೋಯಿತು. ಅಲ್ಲೇ ಅಕ್ಕನಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದೆ. ಅವಳದು ಹೊಲಿಗೆ ಅಂಗಡಿ, ಭಾನುವಾರವೂ ರಜೆಯಿಲ್ಲ. ಮೆಷಿನ್ನಿನ ಸದ್ದು ಕೇಳುತ್ತಿತ್ತು. ಹುಡುಗಿ ಬಸ್ಸಿನಿಂದ ಇಳಿದ ಸಂಗತಿ ಹೇಳಿದೆ.

“ಹೂಂ, ಇಳೀತಾಳೆ. ನಿನಗೆ ಸುಳ್ಳು ಹೇಳಿದ್ದೆ. ಏನೀಗ?” ಎಂದಳು.

“ಏನೀಗ ಅಂದ್ರೆ? ಅದನ್ನ ನಂಬ್ಕೊಂಡು ನಾನು ಮನೆ ಬಿಟ್ಟು ಹಾಸ್ಟೆಲ್ಲಿಗೆ ಹೋದೆ ಕಣೇ.”

ಮೆಷಿನ್ನು ನಿಂತಿತು.

“ಥಿಯೇಟರಲ್ಲಿ ಎಲ್ಲರ ಜೊತೆ ನಾನೂ ಚಪ್ಪಾಳೆ ಹೊಡೆದಿದ್ದೆ. ಆಗ ನನಗೂ ಟೀಚರ್ ಟ್ರೈನಿಂಗಿಗೆ ಸೀಟು ಬಂದಿತ್ತಲ್ಲ. ನಿಮ್ಮ ಭಾವನ್ನ ಬಿಟ್ಟು ಹೋಗಕ್ಕೆ ಮನಸ್ಸು ಬರಲಿಲ್ಲ, ಬೇಡ ಅಂದೆ. ಆ ವರ್ಷ ನನ್ನ ಜೊತೆಯವರು ರಜಕ್ಕೆ ಬಂದು ಅಲ್ಲಿನ ಕಥೆ ಹೇಳೋರು. ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಗೋದು. ಆಗ ನೀನು ಬಂದು ಮುಂದೇನಾಯ್ತು ಅಂತ ಪ್ರಾಣ ತಿನ್ನೋಳು. ಇಳಿದ್ಲು ಅನ್ನಕ್ಕೆ ಬಾಯಿ ಬರಲಿಲ್ಲ ಪುಟ್ಟಿ.”

ಅಕ್ಕ ಸೀಟು ಬೇಡವೆಂದದ್ದು ನನಗೆ ಗೊತ್ತಿತ್ತು. ಅದಕ್ಕಾಗಿ ಅವಳು ಅತ್ತಿರಬಹುದೆಂದು ಈ ವಯಸ್ಸಿನವರೆಗೆ ನನ್ನ ತಲೆಗೆ ಹೊಳೆದಿರಲಿಲ್ಲ. ತುಂಬಾ ನಾಚಿಕೆಯಾಯಿತು.

“ಅಯ್ಯೋ ಪಾಪ ಅಂತೆಲ್ಲ ಅನ್ಕೋಬೇಡ. ನಿಮ್ಮ ಭಾವ ಒಳ್ಳೆಯವರೇ, ಗೊರಕೆ ಒಂದು ಬಿಟ್ಟರೆ,” ಎಂದಳು ಅಕ್ಕ.

ದೊಡ್ಡವಳು ಫೋನಿನ ಹತ್ತಿರ ಬಗ್ಗಿದಳು. ಈಗ ಅವಳ ಮುಖದಲ್ಲಿ ನಗು ಇರಲಿಲ್ಲ. “ದೊಡ್ಡಮ್ಮ, ನಿನ್ನ ಕಥೆಯಲ್ಲಿ ಬಸ್ಸು ಹೊರಟ ಮೇಲೆ ಅವಳಿಗೆ ಏನಾಗುತ್ತೆ? ಕೋಟು ಹಾಕ್ಕೊಳ್ಳೋದು ಆಮೇಲೆ. ಅದಕ್ಕೆ ಮುಂಚೆ?”

“ಅದು ನನಗೇನು ಗೊತ್ತಮ್ಮ. ನಿಮ್ಮಮ್ಮನ್ನ ಕೇಳು. ಹತ್ತಿದವಳು ಅವಳು.”

ಹಾಸ್ಟೆಲ್ಲೆಂದರೆ ಬರೀ ಮೋಜು ಎಂದೇ ಇಷ್ಟು ದಿನ ಮಕ್ಕಳಿಗೆ ಹೇಳಿಕೊಂಡು ಬಂದಿದ್ದೆ. ಈಗ ಆ ಮಾತು ಬಾಯಿಂದ ಹೊರಡಲಿಲ್ಲ.

“ಮೊದಮೊದಲು ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಕೊಂಡು ಅಳ್ತಿದ್ದೆ,” ಎಂದೆ. “ಊಟಕ್ಕೆ ಯಾರ ಪಕ್ಕ ಕೂರೋದು ಅಂತ ಗೊತ್ತಾಗದೆ ಎಷ್ಟೋ ಸಲ ಊಟಕ್ಕೇ ಹೋಗ್ತಿರಲಿಲ್ಲ. ಆಮೇಲೆ ಇನ್ನೊಬ್ಬಳೂ ಅದೇ ಬಚ್ಚಲಲ್ಲಿ ಅಳೋದು ಕೇಳಿಸ್ತು. ಇಬ್ಬರೂ ಒಟ್ಟಿಗೆ ಊಟಕ್ಕೆ ಹೋದ್ವಿ. ಆಮೇಲೂ ಒಂದೊಂದು ದಿನ ಅಳು ಬರೋದು. ನೀನು ಹೋಗಬೇಕು ಅಂತ ನನಗೆ ತುಂಬಾ ಆಸೆ ಕಣೇ. ಹೋದ್ರೆ ಈ ಮನೇಲಿ ನನಗೆ ಹೊತ್ತು ಹೋಗಲ್ಲ, ಅದೂ ನಿಜ. ಇನ್ನು ನಿನ್ನಿಷ್ಟ.”

ದೊಡ್ಡವಳು ಸೋಫಾದ ದಾರ ಕೀಳುತ್ತಾ ಕುಳಿತಿದ್ದಳು.

“ಅಮ್ಮ,” ಎಂದಳು ಕೊನೆಗೆ, ತಲೆ ಎತ್ತದೆ. “ಹಾಸಿಗೆ ಅವರೇ ಕೊಡ್ತಾರಾ, ನಾವೇ ತಗೊಂಡು ಹೋಗ್ಬೇಕಾ?”